ರೇಡಿಯೊ, ಜಿಪಿಎಸ್ ಎರಡೂ ಹೋದರೆ ಮಗಳು ಹೇಗೆ ಇಳೀತಾಳೆ?

ಪ್ರಶ್ನೆ: ನಮ್ಮದು ಯಾದಗಿರಿ. ಮಗಳು ಕಲಬುರಗಿಯಲ್ಲಿ ಪೈಲಟ್ ತರಬೇತಿ ಪಡೀತಿದ್ದಾಳೆ. ಇನ್ನು ಕೆಲವೇ ದಿನದಲ್ಲಿ ಒಬ್ಬಳೇ ದೂರ ಹಾರುವ ಕ್ರಾಸ್ ಕಂಟ್ರಿ ಶುರುವಾಗುತ್ತದಂತೆ. ಮೊನ್ನೆ ಊಟಕ್ಕೆ ಕೂತಾಗ, "ನಮ್ಮ ಬ್ಯಾಚಿನ ಹುಡುಗನಿಗೆ ಮೇಲೆ ಹೋದಾಗ ರೇಡಿಯೊ ಹೋಯ್ತು, ಹಾಗೇ ಇಳಿಸ್ಕೊಂಡು ಬಂದ" ಅಂತ ಸುಮ್ನೆ ಹೇಳಿದಳು. ಅವತ್ತಿಂದ ನನಗೆ ನಿದ್ದೆ ಇಲ್ಲ. ರೇಡಿಯೊ, ಜಿಪಿಎಸ್ ಎರಡೂ ಒಟ್ಟಿಗೆ ಹೋದರೆ ಎಂಜಿನ್ನೂ ನಿಲ್ಲುತ್ತದಾ? ದಾರಿ ಹೇಗೆ ಗೊತ್ತಾಗುತ್ತದೆ? ಟವರ್‌ನವರನ್ನು ಕೇಳದೆ ಇಳಿಯಬಹುದಾ? ನಾನು ಅವಳಿಗೆ ಏನಾದರೂ ಕೊಡಿಸಬೇಕಾ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ಎಂಜಿನ್ ನಿಲ್ಲುವುದಿಲ್ಲ. ತರಬೇತಿಗೆ ಬಳಸುವ ಸೆಸ್ನಾ 172ರಂಥ ಪೆಟ್ರೋಲ್ ವಿಮಾನದಲ್ಲಿ ಎಂಜಿನ್ನಿಗೆ ಕಿಡಿ ಕೊಡುವುದು ಬ್ಯಾಟರಿ ಅಲ್ಲ, ಮ್ಯಾಗ್ನೆಟೊ. ಹಳೇ ಬಜಾಜ್ ಸ್ಕೂಟರ್ ನೆನಪಿದೆಯಲ್ಲಾ, ಬ್ಯಾಟರಿ ಸತ್ತು ಹೋಗಿದ್ದರೂ ಕಿಕ್ ಹೊಡೆದರೆ ಓಡ್ತಿತ್ತು, ಅದೇ ಲೆಕ್ಕ. ಎಂಜಿನ್ ತಿರುಗ್ತಾ ಇರೋವರೆಗೆ ಮ್ಯಾಗ್ನೆಟೊ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಅದೂ ಒಂದಲ್ಲ, ಎರಡು ಮ್ಯಾಗ್ನೆಟೊ, ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್. ವಿಮಾನದ ಕರೆಂಟ್ ಪೂರ್ತಿ ಹೋದರೂ ರೆಕ್ಕೆ ರೆಕ್ಕೆಯೇ, ಪಂಖ ಪಂಖವೇ.

ಆದರೆ ಒಂದು ಮಾತು ಮುಚ್ಚಿಡಬಾರದು. ಈಗಿನ ಡೀಸೆಲ್ ಮಾದರಿಗಳಲ್ಲಿ ಎಂಜಿನ್ನನ್ನು ಕಂಪ್ಯೂಟರ್ ನಡೆಸುತ್ತದೆ, ಅದಕ್ಕೆ ಕರೆಂಟ್ ಬೇಕೇ ಬೇಕು. 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೆಯರ್‌ನಲ್ಲಿ ಒಂದು ಡೈಮಂಡ್ ಡಿಎ 42 ವಿಮಾನವನ್ನು, ಬ್ಯಾಟರಿ ಸತ್ತಿದ್ದರಿಂದ ಹೊರಗಿನ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿದರು. ಮೇಲೇರಿ ಚಕ್ರ ಒಳಗೆ ಎಳೆದುಕೊಂಡ ಕೂಡಲೇ ವೋಲ್ಟೇಜ್ ಕುಸಿದು ಎರಡೂ ಎಂಜಿನ್ ನಿಂತವು. ಹಾಗಾಗಿ ಮಗಳು ಯಾವ ವಿಮಾನ ಹಾರಿಸ್ತಾಳೆ, ಅದರ ಎಂಜಿನ್ನಿಗೆ ಕರೆಂಟ್ ಎಲ್ಲಿಂದ ಬರುತ್ತದೆ, ಬದಲಿ ಬ್ಯಾಟರಿ ಎಷ್ಟು ನಿಮಿಷ ನಡೆಯುತ್ತದೆ, ಇದನ್ನು ಅವಳು ಕೈಪಿಡಿ ತೆಗೆಯದೆ ಬಾಯಲ್ಲಿ ಹೇಳಬೇಕು. ಕೇಳಿ ನೋಡಿ. ಹೇಳದಿದ್ದರೆ ಅವತ್ತೇ ಓದಿಕೊಳ್ಳಲಿ.

ಇನ್ನು, "ಎಲ್ಲಾ ಹೋಯ್ತು" ಅಂದರೂ ಏನೇನು ಉಳಿಯುತ್ತದೆ ನೋಡಿ. ವೇಗ ತೋರಿಸುವ ಮೀಟರ್ ಮತ್ತು ಎತ್ತರ ತೋರಿಸುವ ಮೀಟರ್ ಗಾಳಿಯ ಒತ್ತಡದಿಂದ ನಡೆಯುತ್ತವೆ. ದಿಕ್ಸೂಚಿಗೆ ಭೂಮಿಯೇ ಸಾಕು. ಹಳೇ ಮಾದರಿಯ ಸೆಸ್ನಾದಲ್ಲಿ ವಿಮಾನ ಎಷ್ಟು ವಾಲಿದೆ ಎಂದು ತೋರಿಸುವ ಜೈರೊ ಕೂಡ ಎಂಜಿನ್ ನಡೆಸುವ ವ್ಯಾಕ್ಯೂಮ್ ಪಂಪಿನಿಂದ ತಿರುಗುತ್ತದೆ. ವೇಗ ತೀರಾ ಇಳಿದಾಗ ಕೂಗುವ ಸ್ಟಾಲ್ ಹಾರ್ನ್ ಕೂಡ ಈ ವಿಮಾನದಲ್ಲಿ ಗಾಳಿಯಿಂದಲೇ ಊದುತ್ತದೆ. ಹೋಗುವುದು ರೇಡಿಯೊ, ಜಿಪಿಎಸ್, ರಾಡಾರಿಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್, ಲೈಟು, ಇಂಧನದ ಮುಳ್ಳು, ಇಳಿಯುವಾಗ ರೆಕ್ಕೆಯ ಹಿಂದಿನ ಅಂಚನ್ನು ಬಾಗಿಸುವ ಫ್ಲ್ಯಾಪ್ ಮೋಟರ್. ಎಲ್ಲಾ ಸ್ಕ್ರೀನ್ ಇರುವ ಹೊಸ ವಿಮಾನಗಳಲ್ಲೂ ಪಕ್ಕದಲ್ಲಿ ಬದಲಿ ಮೀಟರುಗಳು ಇರುತ್ತವೆ.

ಅಪಾಯ ಎಲ್ಲಿದೆ ಅಂದರೆ ಮೊದಲ ಎರಡು ನಿಮಿಷದಲ್ಲಿ. ತಲೆ ಕೆಳಗೆ ಹಾಕಿಕೊಂಡು ಗುಂಡಿ ಒತ್ತುತ್ತಾ ಕೂತುಬಿಡುವುದರಲ್ಲಿ.

ನನಗೇ ಆದದ್ದು ಹೇಳ್ತೇನೆ. ಒಂದು ಮಾರ್ಚ್ ಮಧ್ಯಾಹ್ನ, ಒಬ್ಬ ವಿದ್ಯಾರ್ಥಿಯ ಜೊತೆ ನಿಮ್ಮ ಯಾದಗಿರಿ ಕಡೆಯಿಂದ ಕಲಬುರಗಿಗೆ ವಾಪಸ್ ಬರ್ತಿದ್ದೆ. 3,500 ಅಡಿ ಎತ್ತರ. ನಾಲವಾರ ದಾಟುವ ಹೊತ್ತಿಗೆ ಹೆಡ್‌ಸೆಟ್ಟಿನಲ್ಲಿ ಟವರ್‌ನವರ ದನಿ ಒಡೆದು ಒಡೆದು ಬರೋಕೆ ಶುರುವಾಯ್ತು. ಹುಡುಗ ವಾಲ್ಯೂಮ್ ಜಾಸ್ತಿ ಮಾಡಿದ. ನಾನು ರೇಡಿಯೊ ನೋಡಿದೆ, ಅದರ ಕಿತ್ತಳೆ ಬಣ್ಣದ ಅಂಕಿಗಳು ಎಣ್ಣೆ ತೀರಿದ ದೀಪದ ಹಾಗೆ ಮಂಕಾಗ್ತಿದ್ದವು. ಬ್ಯಾಟರಿಗೆ ಕರೆಂಟ್ ಬರ್ತಿದೆಯೋ ಹೋಗ್ತಿದೆಯೋ ತೋರಿಸುವ ಆಮೀಟರಿನ ಮುಳ್ಳು ಸೊನ್ನೆಯ ಎಡಕ್ಕೆ ಬಿದ್ದಿತ್ತು. ಅದು ಯಾವಾಗ ಬಿತ್ತು ಅಂತ ನಮ್ಮಿಬ್ಬರಲ್ಲಿ ಯಾರೂ ನೋಡಿರಲಿಲ್ಲ, ಅದು ನನ್ನ ತಪ್ಪು, ಆ ಸೀಟಿನಲ್ಲಿ ಕೂತ ಬೋಧಕ ನೋಡಬೇಕಿತ್ತು. ಎಂಜಿನ್ನಿನಿಂದ ತಿರುಗಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಬೆಲ್ಟ್ ತುಂಡಾಗಿತ್ತು ಅಂತ ಇಳಿದ ಮೇಲೆ ಗೊತ್ತಾಯ್ತು. ಅದು ತುಂಡಾಗಿ ಎಷ್ಟೋ ಹೊತ್ತಾಗಿತ್ತು, ಅಲ್ಲಿವರೆಗೂ ಬ್ಯಾಟರಿ ಒಂದೇ ಎಲ್ಲಾ ಭಾರ ಎಳೀತಿತ್ತು.

ಅಂಕಿಗಳು ಆರಿಹೋದವು. ಹುಡುಗನ ಹೆಬ್ಬೆರಳು ಮಾತ್ರ ಮಾತಾಡುವ ಗುಂಡಿಯನ್ನು ಒತ್ತುತ್ತಲೇ ಇತ್ತು, ಬಿಡುವುದು, ಒತ್ತುವುದು, ಬಿಡುವುದು, ಒತ್ತುವುದು. ಅಷ್ಟರಲ್ಲಿ ಮೂಗು ಮೇಲೆದ್ದು ವೇಗ 95 ನಾಟ್‌ನಿಂದ 75ಕ್ಕೆ ಇಳಿದಿತ್ತು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ನಾನು ಅವನ ಕೈ ಮೇಲೆ ಕೈ ಇಟ್ಟು, "ರೇಡಿಯೊ ಬಿಡು. ಹೊರಗೆ ನೋಡು. ಕೆಳಗೆ ಏನಿದೆ ಹೇಳು" ಅಂದೆ. "ರೈಲು" ಅಂದ. ಉದ್ದನೆಯ ಗೂಡ್ಸ್ ಗಾಡಿ ವಾಡಿ ಕಡೆಗೆ ಹೋಗ್ತಿತ್ತು. "ಹಂಗಾದ್ರೆ ದಾರಿ ಗೊತ್ತಾಯ್ತಲ್ಲ" ಅಂದೆ. ಅವನ ಹೆಗಲು ಕೆಳಗಿಳಿದದ್ದು ನನಗೆ ಕಾಣಿಸ್ತು.

ಆದ್ದರಿಂದ ಕೆಲಸದ ಸಾಲು ಯಾವತ್ತೂ ಒಂದೇ: ಮೊದಲು ಹಾರಿಸು, ಆಮೇಲೆ ದಾರಿ ನೋಡು, ಕೊನೆಗೆ ಮಾತಾಡು. ಮೂಗು ಸಮ, ವೇಗ ಸರಿ, ರೆಕ್ಕೆ ಸಮ. ಇದು ಆದ ಮೇಲೆ ಮಿಕ್ಕಿದ್ದು.

ಮಿಕ್ಕಿದ್ದರಲ್ಲೂ ಮೊದಲು ಚಿಕ್ಕ ಕಾರಣಗಳನ್ನೇ ನೋಡಬೇಕು. ರೇಡಿಯೊ ಹೋಯ್ತು ಅಂತ ಗಾಬರಿಯಾದವರಲ್ಲಿ ಬಹಳ ಜನರ ರೇಡಿಯೊ ಹೋಗಿರುವುದೇ ಇಲ್ಲ. ಮೊಣಕೈ ತಾಗಿ ಹೆಡ್‌ಸೆಟ್ ಪಿನ್ ಸಡಿಲಾಗಿರುತ್ತದೆ, ವಾಲ್ಯೂಮ್ ಇಳಿದಿರುತ್ತದೆ, ಆಡಿಯೊ ಪ್ಯಾನೆಲ್‌ನಲ್ಲಿ ತಪ್ಪು ಗುಂಡಿ ಒತ್ತಿರುತ್ತಾರೆ, ಫ್ರೀಕ್ವೆನ್ಸಿಯ ಒಂದು ಅಂಕಿ ತಪ್ಪಿರುತ್ತದೆ. ಎರಡನೇ ರೇಡಿಯೊ ಇದ್ದರೆ ಅದರಲ್ಲಿ ಕರೆಯಬೇಕು, ಹಿಂದಿನ ಫ್ರೀಕ್ವೆನ್ಸಿಗೆ ಹೋಗಿ ನೋಡಬೇಕು. ಯಾರೂ ಉತ್ತರ ಕೊಡದಿದ್ದರೂ ನಾವು ಹೇಳುವುದು ಅವರಿಗೆ ಕೇಳಿಸ್ತಿರಬಹುದು, ಅದಕ್ಕೇ "ಟ್ರಾನ್ಸ್‌ಮಿಟಿಂಗ್ ಬ್ಲೈಂಡ್" ಅಂತ ಶುರುಮಾಡಿ ಎಲ್ಲಿದ್ದೇನೆ, ಎಷ್ಟು ಎತ್ತರ, ಏನು ಮಾಡ್ತೇನೆ ಎಂದು ಎರಡು ಸಲ ಹೇಳುವ ಕ್ರಮ ಇದೆ. ಟ್ರಾನ್ಸ್‌ಪಾಂಡರ್ ಜೀವಂತ ಇದ್ದರೆ ಅದರಲ್ಲಿ 7600 ಹಾಕಬೇಕು. ಜಗತ್ತಿನ ಯಾವ ರಾಡಾರ್ ಪರದೆಯಲ್ಲೂ ಆ ಅಂಕಿಗೆ ಒಂದೇ ಅರ್ಥ, ಈ ವಿಮಾನಕ್ಕೆ ಮಾತು ಹೋಗಿದೆ ಅಂತ.

ಇಲ್ಲಿ ನಾನು ಒತ್ತಿ ಹೇಳುವುದು ಒಂದೇ. ಕರೆಂಟ್ ಒಂದೇ ಏಟಿಗೆ ಹೋಗುವುದು ಕಮ್ಮಿ. ಆಲ್ಟರ್ನೇಟರ್ ಮೊದಲು ಸಾಯುತ್ತದೆ, ಬ್ಯಾಟರಿ ನಿಧಾನಕ್ಕೆ ಆಮೇಲೆ. ನಡುವೆ ಸ್ವಲ್ಪ ಸಮಯ ಸಿಗುತ್ತದೆ. ಚೆನ್ನಾಗಿ ಚಾರ್ಜ್ ಆದ ಹೊಸ ಬ್ಯಾಟರಿಯಾದರೆ ಅರ್ಧ ಗಂಟೆ ಬರಬಹುದು, ದಿನಕ್ಕೆ ಹತ್ತು ಸಲ ಸ್ಟಾರ್ಟ್ ಆಗುವ ತರಬೇತಿ ವಿಮಾನದ ಬ್ಯಾಟರಿ ಮೇಲೆ ಅಷ್ಟು ನಂಬಿಕೆ ಇಡಬೇಡಿ. ಕೆಂಪು ಲೋ ವೋಲ್ಟೇಜ್ ದೀಪ ಕಂಡ ಕೂಡಲೇ ಚೆಕ್‌ಲಿಸ್ಟ್ ತೆಗೆದು, ಅದರಲ್ಲಿ ಹೇಳಿದ ಹಾಗೆ ಬ್ರೇಕರ್ (ಫ್ಯೂಸಿನಂಥ ಸ್ವಿಚ್) ನೋಡಿ ಆಲ್ಟರ್ನೇಟರನ್ನು ಮತ್ತೆ ಎಬ್ಬಿಸಲು ಒಂದು ಸಲ ಪ್ರಯತ್ನಿಸಬೇಕು. ಏಳದಿದ್ದರೆ ಬೇಡದ್ದೆಲ್ಲಾ ಆರಿಸಬೇಕು. ಲ್ಯಾಂಡಿಂಗ್ ಲೈಟ್, ವೇಗದ ಮೀಟರಿನ ಕೊಳವೆ ಕಾಯಿಸುವ ಪಿಟೋ ಹೀಟ್, ಎರಡನೇ ರೇಡಿಯೊ, ಎಲ್ಲಾ. ರೇಡಿಯೊ ಕೇಳುವಾಗ ತಿನ್ನುವ ಕರೆಂಟ್ ಕಮ್ಮಿ, ಮಾತಾಡುವಾಗ ಜಾಸ್ತಿ. ಅದಕ್ಕೆ ಹರಟೆ ಬೇಡ, ಒಂದೇ ಮಾತಿನಲ್ಲಿ ಟವರ್‌ಗೆ ಹೇಳಿಬಿಡಬೇಕು: ಆಲ್ಟರ್ನೇಟರ್ ಹೋಗಿದೆ, ಯಾವ ಕ್ಷಣ ಬೇಕಾದರೂ ರೇಡಿಯೊ ಹೋಗಬಹುದು, ಇಷ್ಟು ಹೊತ್ತಿಗೆ ಈ ಕಡೆಯಿಂದ ಬರ್ತೇನೆ, ದೀಪದ ಸನ್ನೆ ಕೊಡಿ. ಈ ಒಂದು ವಾಕ್ಯ ಹೇಳಿದ್ದರೆ ಟವರ್‌ನವರು ಕಾದಿರ್ತಾರೆ, ಬೇರೆ ವಿಮಾನಗಳನ್ನು ಪಕ್ಕಕ್ಕೆ ಇಡ್ತಾರೆ. ಹೇಳದಿದ್ದರೆ ನೀವು ಅವರಿಗೆ ಕಾಣದ ಒಂದು ಚುಕ್ಕೆ. ಆಮೀಟರ್ ಮೇಲೆ ಐದು ನಿಮಿಷಕ್ಕೊಮ್ಮೆ ಕಣ್ಣು ಹಾಯಿಸುವ ಅಭ್ಯಾಸ ಇದ್ದವರಿಗೆ ಮಾತ್ರ ಈ ವಾಕ್ಯ ಹೇಳುವ ಅವಕಾಶ ಸಿಗುತ್ತದೆ. ಆ ಮಧ್ಯಾಹ್ನ ನನಗೆ ಸಿಗಲಿಲ್ಲ.

ಈಗ ದಾರಿ. ಇದರಲ್ಲಿ ನಿಮ್ಮ ಮಗಳಿಗೆ ನೀವೇ ದೊಡ್ಡ ಸಹಾಯ, ಯಾಕಂದರೆ ಈ ನೆಲ ನಿಮಗೆ ಗೊತ್ತು. ನಮ್ಮ ಭಾಗ ಬಯಲು ಸೀಮೆ, ಗುಡ್ಡ ಕಮ್ಮಿ. ತೊಗರಿ ಹೊಲ, ಕಪ್ಪು ಮಣ್ಣು, ಮೇಲಿಂದ ನೋಡಿದರೆ ಎಲ್ಲಾ ಒಂದೇ ಥರ ಕಾಣುತ್ತದೆ, ಹೊಸಬರು ದಾರಿ ತಪ್ಪುವುದು ಇದಕ್ಕೇ. ಆದರೆ ಈ ಬಯಲಿನ ಮೇಲೆ ಕೆಲವು ಗೆರೆಗಳಿವೆ, ಅವು ಸುಳ್ಳು ಹೇಳುವುದಿಲ್ಲ. ಭೀಮಾ ನದಿ ಒಂದು ಗೆರೆ. ಮುಂಬೈ–ಚೆನ್ನೈ ರೈಲು ಹಳಿ ಇನ್ನೊಂದು: ಕಲಬುರಗಿ, ಶಹಾಬಾದ್, ವಾಡಿ, ನಾಲವಾರ, ಯಾದಗಿರಿ. ವಾಡಿಯಲ್ಲಿ ಹಳಿ ಕವಲೊಡೆದು ಒಂದು ಸೇಡಂ, ತಾಂಡೂರು ಕಡೆಗೆ ಹೋಗುತ್ತದೆ. ವಾಡಿ, ಮಳಖೇಡ, ಸೇಡಂ ಮೂರೂ ಕಡೆ ಸಿಮೆಂಟ್ ಕಾರ್ಖಾನೆಯ ಚಿಮಣಿಗಳು, ಪಕ್ಕದಲ್ಲಿ ಬಿಳಿಬಿಳಿ ಕಲ್ಲುಗಣಿ. ಮಳಖೇಡದಲ್ಲಿ ಕಾಗಿಣಾ ನದಿ, ದಡದಲ್ಲಿ ರಾಷ್ಟ್ರಕೂಟರ ಕೋಟೆ. ಉತ್ತರಕ್ಕೆ ಹೋದರೆ ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ಹಳಿ, 2017ರಲ್ಲಿ ಶುರುವಾದದ್ದು. ಅದರಾಚೆ ಕಾರಂಜಾ ಜಲಾಶಯದ ನೀರು.

ಕಲಬುರಗಿ ವಿಮಾನ ನಿಲ್ದಾಣ ಊರಿಂದ ಪೂರ್ವಕ್ಕೆ, ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ. 2019ರ ನವೆಂಬರ್‌ನಲ್ಲಿ ಶುರುವಾಯ್ತು. ರನ್‌ವೇ 3,175 ಮೀಟರ್, ಪೂರ್ವ–ಪಶ್ಚಿಮ. ಅಷ್ಟು ಉದ್ದದ ರನ್‌ವೇ ದೂರದಿಂದಲೇ ಕಾಣುತ್ತದೆ. ಯಾದಗಿರಿ ಕಡೆಯಿಂದ ಬರುವವರಿಗೆ ಲೆಕ್ಕ ಸುಲಭ: ಹಳಿ ಹಿಡಿದು ಶಹಾಬಾದ್‌ವರೆಗೆ ಬನ್ನಿ, ಅಲ್ಲಿಂದ ನೇರ ಉತ್ತರಕ್ಕೆ ಸುಮಾರು 20 ಕಿಲೋಮೀಟರ್, ಆರೇಳು ನಿಮಿಷ. ನಾವು ಅವತ್ತು ಹಾಗೇ ಬಂದೆವು.

ಬೀದರ್ ಕಡೆಯಿಂದ ಬರುವಾಗ ಒಂದು ಹಳೇ ಉಪಾಯ ಇದೆ. ನೇರವಾಗಿ ನಿಲ್ದಾಣಕ್ಕೇ ಗುರಿ ಇಡಬಾರದು. ಇಟ್ಟರೆ, ಸೇಡಂ ರಸ್ತೆ ಸಿಕ್ಕಾಗ ನಿಲ್ದಾಣ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲ. ಬೇಕೂಂತಲೇ ಹತ್ತು ಡಿಗ್ರಿ ಎಡಕ್ಕೆ ಗುರಿ ಇಟ್ಟರೆ ರಸ್ತೆ ಸಿಕ್ಕಾಗ ಅನುಮಾನವೇ ಇಲ್ಲ, ನಿಲ್ದಾಣ ಬಲಕ್ಕೇ ಇರಬೇಕು. ರಸ್ತೆ ಹಿಡಿದು ಬಲಕ್ಕೆ ತಿರುಗುವುದು ಅಷ್ಟೆ.

ಇದರ ಜೊತೆ ಗಡಿಯಾರ. ಕಲಬುರಗಿಯಿಂದ ಬೀದರಿಗೆ ನೇರ ಗೆರೆ ಎಳೆದರೆ ಸುಮಾರು 47 ನಾಟಿಕಲ್ ಮೈಲಿ (87 ಕಿಲೋಮೀಟರ್), ನಾಟ್ ಅಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, 95 ನಾಟ್ ವೇಗದಲ್ಲಿ ಗಾಳಿ ಇಲ್ಲದಿದ್ದರೆ ಅರ್ಧ ಗಂಟೆ. ಅಂದರೆ ಹದಿನೈದು ನಿಮಿಷ ಆಗಿದ್ದರೆ ನಡುದಾರಿ, ಎಲ್ಲಿದ್ದೇವೆ ಅಂತ ನಕಾಶೆಯ ಮೇಲೆ ಬೆರಳಿಟ್ಟು ತೋರಿಸಬಹುದು. ದಿಕ್ಸೂಚಿಯನ್ನು ತಿರುಗುವಾಗ ಓದಬಾರದು, ಅದು ತೂಗಾಡ್ತಾ ತಪ್ಪು ತೋರಿಸುತ್ತದೆ. ನೇರ ಹಾರುವಾಗ ಓದಬೇಕು. ಒಂದು ಡಿಗ್ರಿ ತಪ್ಪಿದರೆ 60 ಮೈಲಿಗೆ ಒಂದು ಮೈಲಿ ತಪ್ಪುತ್ತದೆ, ಐದು ಡಿಗ್ರಿ ತಪ್ಪಿದರೆ ಐದು ಮೈಲಿ. ಹೊರಗಡೆ ಕಣ್ಣಿದ್ದರೆ ಇದು ದೊಡ್ಡ ತಪ್ಪೇ ಅಲ್ಲ. ಜಿಪಿಎಸ್ ಇರುವ ಕಾಲದ ಮಕ್ಕಳು ನಕಾಶೆ ಮಡಿಚಿ ಬ್ಯಾಗಿನಲ್ಲಿ ಇಟ್ಟುಬಿಡ್ತಾರೆ, ಅದು ನನಗೆ ನಿಜವಾಗಿ ಬೇಸರದ ವಿಷಯ. ಜಿಪಿಎಸ್ ನಡೀತಿರುವಾಗಲೇ ಹತ್ತು ನಿಮಿಷಕ್ಕೊಮ್ಮೆ ನಕಾಶೆ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿ ಪಕ್ಕದಲ್ಲಿ ಸಮಯ ಬರೆಯಬೇಕು. ಸ್ಕ್ರೀನ್ ಕಪ್ಪಾದಾಗ ಹುಡುಕಬೇಕಾದದ್ದು ಕೊನೆಯ ಹತ್ತು ನಿಮಿಷ ಮಾತ್ರ ಆಗ.

ಬೀದರಿನ ಬಗ್ಗೆ ಎಚ್ಚರ ಬೇಕು. ಅದು ವಾಯುಪಡೆಯ ತರಬೇತಿ ಕೇಂದ್ರ, ಸೂರ್ಯಕಿರಣ್ ತಂಡದ ಮನೆ, ಅಲ್ಲಿ ಹಾಕ್ ಜೆಟ್‌ಗಳು ಹಾರ್ತಿರ್ತವೆ. ನಮ್ಮ ದೇಶದಲ್ಲಿ ಊರಿಂದೂರಿಗೆ ಹಾರುವ ವಿಮಾನ ಮೊದಲೇ ವಾಯು ರಕ್ಷಣೆಯ ಅನುಮತಿ ಸಂಖ್ಯೆ ಪಡೆದು ಹೊರಡುತ್ತದೆ. ಮಾತಿಲ್ಲದ, ಟ್ರಾನ್ಸ್‌ಪಾಂಡರ್ ಇಲ್ಲದ ವಿಮಾನ ಆ ಕಡೆ ಅಲೆದರೆ ಅವರಿಗೆ ಅದು ಗುರುತಿಲ್ಲದ ವಿಮಾನ. ಹವಾಮಾನ, ಇಂಧನ ಸರಿಯಿದ್ದರೆ ತಿರುಗಿ ಮನೆಗೇ ಬರುವುದು ಒಳ್ಳೆಯದು. ನಿಯಮ ಹೇಳುವುದು ಇಷ್ಟೇ: ನೆಲ ಕಾಣ್ತಿದ್ದರೆ ಕಾಣುವ ಹಾಗೇ ಹಾರ್ತಾ, ಹತ್ತಿರದ ತಕ್ಕ ನಿಲ್ದಾಣದಲ್ಲಿ ಇಳಿದು, ಇಳಿದದ್ದನ್ನು ಬೇಗ ತಿಳಿಸು. ಎಂಜಿನ್ನೇ ಕೈಕೊಡ್ತಿದ್ದರೆ, ಇಂಧನ ತೀರ್ತಿದ್ದರೆ ಮಾತ್ರ ಯಾರ ನಿಲ್ದಾಣ ಅಂತ ನೋಡುತ್ತಾ ಕೂರಬಾರದು. ಇಳಿಯಬೇಕು, ಆಮೇಲೆ ಉತ್ತರ ಹೇಳಬೇಕು. ಪಕ್ಕದಲ್ಲಿ ಯುದ್ಧ ವಿಮಾನ ಬಂದು ರೆಕ್ಕೆ ಅಲ್ಲಾಡಿಸಿದರೆ, ತಾನೂ ರೆಕ್ಕೆ ಅಲ್ಲಾಡಿಸಿ ಅದರ ಹಿಂದೆ ಹೋಗಬೇಕು.

"ಕೇಳದೆ ಇಳಿಯಬಹುದಾ" ಅಂದಿರಿ. ಕೇಳುತ್ತಾರೆ, ಆದರೆ ಬಾಯಲ್ಲಿ ಅಲ್ಲ. ಇಳಿಯುವ ಮೊದಲು ವಿಮಾನಗಳು ರನ್‌ವೇ ಪಕ್ಕ ಸುತ್ತು ಹಾಕುವ ದಾರಿಗೆ ಸರ್ಕ್ಯೂಟ್ ಅಂತಾರೆ. ಆ ಸರ್ಕ್ಯೂಟ್ ಎತ್ತರಕ್ಕಿಂತ ಮೇಲೆ ನಿಲ್ದಾಣದ ಮೇಲಿಂದ ಹಾದು, ಗಾಳಿಚೀಲ ನೋಡಿ, ಬೇರೆ ವಿಮಾನ ಎಲ್ಲಿವೆ ನೋಡಿ, ಆಮೇಲೆ ಸರ್ಕ್ಯೂಟ್ ಸೇರಬೇಕು. ಗಾಳಿಯ ದಿಕ್ಕು ಇನ್ನೂ ದೂರದಲ್ಲಿರುವಾಗಲೇ ಚಿಮಣಿಯ ಹೊಗೆ ಹೇಳಿರುತ್ತದೆ. ಟವರ್‌ನಲ್ಲಿ ಬಣ್ಣದ ದೀಪ ಹಾಯಿಸುವ ಸಾಧನ ಇರುತ್ತದೆ. ಮೇಲಿರುವವರಿಗೆ ಹಸಿರು ದೀಪ ಮಿಣುಕದೆ ಉರಿದರೆ ಇಳಿ ಅಂತ. ಹಸಿರು ಮಿಣುಕಿದರೆ ಇಳಿಯೋಕೆ ವಾಪಸ್ ಬಾ ಅಂತ. ಕೆಂಪು ಉರಿದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರು, ಕೆಂಪು ಮಿಣುಕಿದರೆ ನಿಲ್ದಾಣ ಸರಿಯಿಲ್ಲ, ಇಳಿಯಬೇಡ. ಬಿಳಿ ಮಿಣುಕಿದರೆ ಇಲ್ಲೇ ಇಳಿದು, ವಿಮಾನ ನಿಲ್ಲಿಸುವ ಜಾಗವಾದ ಏಪ್ರನ್‌ಗೆ ಬಾ. ಅರ್ಥವಾಯ್ತು ಅನ್ನೋದಕ್ಕೆ ಹಗಲಲ್ಲಿ ರೆಕ್ಕೆ ಅಲ್ಲಾಡಿಸಬೇಕು, ರಾತ್ರಿ ಲೈಟನ್ನು ಎರಡು ಸಲ ಹಾಕಿ ಆರಿಸಬೇಕು. ಇದನ್ನೆಲ್ಲಾ ಪರೀಕ್ಷೆಗೆ ಬಾಯಿಪಾಠ ಮಾಡಿರ್ತಾಳೆ. ಆದರೆ ನಮ್ಮ ಬಿಸಿಲಲ್ಲಿ ಆ ದೀಪ ಹೇಗೆ ಕಾಣುತ್ತದೆ ಅಂತ ಪುಸ್ತಕ ಹೇಳುವುದಿಲ್ಲ. ಅವತ್ತು ಡೌನ್‌ವಿಂಡ್‌ನಲ್ಲಿ, ಅಂದರೆ ರನ್‌ವೇಗೆ ಸಮಾನಾಂತರವಾಗಿ ಹಾರುವಾಗ, ಟವರನ್ನೇ ದಿಟ್ಟಿಸಿದರೂ ಏನೂ ಕಾಣಲಿಲ್ಲ. ಬೇಸ್‌ಗೆ, ಅಂದರೆ ರನ್‌ವೇ ಸಾಲಿನ ಕಡೆಗೆ ಅಡ್ಡ ತಿರುಗಿದ ಮೇಲೆ, ಗಾಜಿನ ಹಿಂದೆ ಹಸಿ ಕಡಲೆಕಾಳಿನಷ್ಟು ಒಂದು ಹಸಿರು ಚುಕ್ಕೆ. ಹುಡುಗನೇ ಮೊದಲು ನೋಡಿದ್ದು. ರೆಕ್ಕೆ ಅಲ್ಲಾಡಿಸುವಾಗ ಅವನು ನಗ್ತಿದ್ದ. ಅದಕ್ಕೇ ಮಗಳಿಗೆ ಹೇಳಿ, ಬೋಧಕರ ಜೊತೆ ಹಾರುವಾಗ ಒಂದು ಸಲ ಟವರ್‌ನವರನ್ನು ಕೇಳಿ ದೀಪ ತೋರಿಸಿಕೊಳ್ಳಲಿ. ದಟ್ಟಣೆ ಇಲ್ಲದ ಹೊತ್ತಲ್ಲಿ ವಿನಯದಿಂದ ಕೇಳಿದರೆ ಇದು ದೊಡ್ಡ ಕೆಲಸವೇನಲ್ಲ.

ಫ್ಲ್ಯಾಪ್ ಇಲ್ಲದೆ ಇಳಿಸುವಾಗ ವೇಗ ಐದಾರು ನಾಟ್ ಜಾಸ್ತಿ, ಮೂಗು ಸ್ವಲ್ಪ ಮೇಲೆ, ವಿಮಾನ ತೇಲಿಕೊಂಡು ಮುಂದೆ ಹೋಗುತ್ತದೆ. ನಮ್ಮ ರನ್‌ವೇ ಉದ್ದ ಇದೆ, ಅವಸರ ಬೇಡ. ಇಳಿದ ಮೇಲೆ ರನ್‌ವೇ ಬಿಟ್ಟು ಪಕ್ಕಕ್ಕೆ ಬಂದು, ಮೊಬೈಲಿನಿಂದ ಟವರ್‌ಗೆ, ತರಬೇತಿ ಶಾಲೆಗೆ ಫೋನ್ ಮಾಡಲೇಬೇಕು. ಬೇರೆ ಕಡೆ ಇಳಿದಿದ್ದರಂತೂ ಮೊದಲ ಕೆಲಸವೇ ಅದು. ಬರಬೇಕಾದ ಸುದ್ದಿ 30 ನಿಮಿಷ ಬರದಿದ್ದರೆ ಹುಡುಕಾಟದ ಮೊದಲ ಹಂತ ಶುರುವಾಗಿಬಿಡುತ್ತದೆ. ಟವರ್ ನಂಬರ್ ಫೋನಿನಲ್ಲಷ್ಟೇ ಅಲ್ಲ, ಮೊಣಕಾಲ ಮೇಲಿನ ಹಲಗೆಯ ಕಾಗದದಲ್ಲೂ ಬರೆದಿಟ್ಟುಕೊಳ್ಳಲಿ.

ಒಂದು ಹಳೇ ಘಟನೆ ನಾನು ಎಲ್ಲಾ ವಿದ್ಯಾರ್ಥಿಗಳಿಗೂ ಹೇಳ್ತೇನೆ. 1978ರ ಡಿಸೆಂಬರ್. ಪೆಸಿಫಿಕ್ ಸಾಗರದ ಮೇಲೆ ಜೇ ಪ್ರೊಚ್ನೊ ಎಂಬ ಪೈಲಟ್ ಸಣ್ಣ ಸೆಸ್ನಾ 188ರಲ್ಲಿ ಒಬ್ಬರೇ ನಾರ್ಫೋಕ್ ದ್ವೀಪಕ್ಕೆ ಹೊರಟಿದ್ದರು. ದಾರಿ ತೋರಿಸುವ ಉಪಕರಣ ಕೆಟ್ಟಿತು, ಸುತ್ತ ಬರೀ ನೀರು. ಅವರ ರೇಡಿಯೊ ಮಾತ್ರ ನಡೀತಿತ್ತು. ಏರ್ ನ್ಯೂಜಿಲೆಂಡ್‌ನ ಡಿಸಿ–10 ವಿಮಾನದ ಕ್ಯಾಪ್ಟನ್ ಗಾರ್ಡನ್ ವೆಟ್, ಪ್ರೊಚ್ನೊ ಅವರನ್ನು ಹುಡುಕಿದ್ದು ಹೇಗೆ ಅಂದರೆ, ಮೂಗನ್ನು ಸೂರ್ಯನ ಕಡೆ ತಿರುಗಿಸಿ ದಿಕ್ಸೂಚಿ ಓದಿ ಹೇಳು ಅಂದರು, ಕೈ ಚಾಚಿ ಸೂರ್ಯ ದಿಗಂತದಿಂದ ಎಷ್ಟು ಬೆರಳು ಮೇಲಿದ್ದಾನೆ ಅಳೆದು ಹೇಳು ಅಂದರು. ತಾವೂ ಅಳೆದು ಹೋಲಿಸಿದರು. 23 ಗಂಟೆ ಹಾರಿ ಆ ಸೆಸ್ನಾ ಕೊನೆಗೆ ನೆಲ ಮುಟ್ಟಿತು. ಸಾಗರದ ಮೇಲೆ ಬೆರಳಿನಿಂದ ದಾರಿ ಸಿಕ್ಕಿದ್ದರೆ, ರೈಲು ಹಳಿ ಇರುವ ನಮ್ಮ ಬಯಲಲ್ಲಿ ಸಿಗದೇ ಇರುತ್ತದಾ?

ನನಗೆ ನಿಜವಾದ ಭಯ ಇರುವುದು ಮೋಡದ ಬಗ್ಗೆ. ಮೇಲೆ ಹೇಳಿದ್ದೆಲ್ಲಾ ನೆಲ ಕಂಡರೆ ಮಾತ್ರ. ಏಪ್ರಿಲ್, ಮೇ ತಿಂಗಳ ಧೂಳಿನ ಮಬ್ಬಿನಲ್ಲಿ ನೇರ ಕೆಳಗಿನದು ಕಾಣುತ್ತದೆ, ಹತ್ತು ಕಿಲೋಮೀಟರ್ ಮುಂದಿನದು ಕಾಣುವುದಿಲ್ಲ. ಮಳೆಗಾಲದಲ್ಲಿ ಮೋಡ ಕೆಳಗಿಳಿದು ಬರುತ್ತದೆ. ರೇಡಿಯೊ, ಜಿಪಿಎಸ್ ಇಲ್ಲದೆ ವಿದ್ಯಾರ್ಥಿ ಮೋಡದೊಳಗೆ ಹೋಗಬಾರದು, ಯಾವ ಕಾರಣಕ್ಕೂ. ಮುಂದೆ ಮಬ್ಬಿದ್ದರೆ, ನೆಲ ಕಾಣ್ತಿರುವ ಕಡೆಗೇ ತಿರುಗಿಬಿಡಬೇಕು. ಹೊರಡುವ ಮೊದಲೇ ಅನುಮಾನ ಬಂದರೆ "ಇವತ್ತು ಬೇಡ ಸರ್" ಅನ್ನುವ ಧೈರ್ಯ ಅವಳಿಗಿರಲಿ, ಅಂಥ ದಿನ ಮನೆಗೆ ಬಂದು ಹೇಳಿದಾಗ ನೀವು ಬೆನ್ನು ತಟ್ಟಿ. ಫೀಸಿನ ಲೆಕ್ಕ ತೆಗೀಬೇಡಿ.

ಕೊಡಿಸೋ ವಿಷಯ. ದುಬಾರಿ ಟ್ಯಾಬ್ಲೆಟ್ ಬೇಡ, ನಮ್ಮ ಬಿಸಿಲಿಗೆ ಗಾಜಿನ ಹಿಂದೆ ಅದು ಕಾದು ತಾನೇ ಆರಿಹೋಗುತ್ತದೆ. ಕೈಯಲ್ಲಿ ಹಿಡಿಯುವ ಏವಿಯೇಷನ್ ರೇಡಿಯೊ ಒಳ್ಳೆಯದೇ, ಆದರೆ ಅನುಮತಿಯ ವಿಷಯ ಇರುತ್ತದೆ, ಮೊದಲು ಶಾಲೆಯಲ್ಲಿ ಕೇಳಿ. ನೀವು ಕೊಡಿಸಬೇಕಾದದ್ದು ಸೆಕೆಂಡ್ ಮುಳ್ಳು ದಪ್ಪಗೆ ಕಾಣುವ ಒಂದು ಸಾದಾ ಕೈಗಡಿಯಾರ. ಇನ್ನೊಂದಕ್ಕೆ ದುಡ್ಡು ಬೇಡ. ಅವಳು ರಜೆಗೆ ಬಂದಾಗ ಇಬ್ಬರೂ ಯಾದಗಿರಿಯಲ್ಲಿ ರೈಲು ಹತ್ತಿ, ಕಿಟಕಿ ಪಕ್ಕ ಕೂತು ಕಲಬುರಗಿವರೆಗೆ ಬನ್ನಿ. ಎಲ್ಲಿ ಹಳಿ ಬಾಗುತ್ತದೆ, ಯಾವ ಚಿಮಣಿ ಯಾವ ಕಡೆ ಬರುತ್ತದೆ, ಸೇತುವೆ ಎಲ್ಲಿ, ಎಷ್ಟು ನಿಮಿಷಕ್ಕೆ ಏನು ಅಂತ ಅವಳು ನಕಾಶೆ ಮೇಲೆ ಗುರುತು ಹಾಕಲಿ. ನೀವು ಊರಿನ ಹೆಸರು ಹೇಳ್ತಾ ಹೋಗಿ.